ಇಂಗ್ಲೆಂಡಿನಿಂದ ಬಂದ ಮುಯ್ಯಿ

ಮಸ್ಕಿ
೧೨ ಅಕ್ಟೋಬರ್ ೧೯೯೦

ಶ್ರೀ ಅಮರಗುಂಡಪ್ಪ ಅವರಿಗೆ,
ಅಕೌಂಟೆಂಟ್, ಬ್ಯಾಂಕ್, ಲಿಂಗಸುಗೂರು.

ಮಾನ್ಯರೇ,

ಇದು ಗಿರಾಕಿಯೊಬ್ಬ ಬ್ಯಾಂಕಿಗೆ ಬರೆಯುವ ಪತ್ರ. ಹೈಸ್ಕೂಲಿನಲ್ಲಿ ನಿಮ್ಮ ಬೆಂಚಿನ ಮೇಲೆ ಕೂತವನು, ನೀವು ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದಾಗ ಪಕ್ಕದಲ್ಲಿ ನಿಂತು ಕ್ಲಾರಿನೆಟ್ ಊದಿದವನು ಬರೆದದ್ದೆಂದು ತಿಳಿಯಬೇಡಿ. ಮೂರು ವರ್ಷದ ಹಿಂದೆ ನಿಮ್ಮ ದೊಡ್ಡ ಮಗಳ ಮದುವೆಗೆ ನೀವು ಸಿಂಧನೂರಿನ ಬ್ಯಾಂಡನ್ನು ಕರೆಸಿದಿರಿ. ಅದರ ಬಗ್ಗೆ ಬರೆಯಲು ಈ ಕಾಗದ ತೆಗೆದಿಲ್ಲ.

ವಿಷಯ ಇಷ್ಟು. ಶ್ರಾವಣದಲ್ಲಿ ಗೊರೇಬಾಳದಿಂದ ಬರುವಾಗ ಕಾಲುವೆ ಸೇತುವೆ ಹತ್ತಿರ ನಮ್ಮ ಟ್ರ್ಯಾಕ್ಟರ್ ಎಗರಿತು. ನನ್ನ ಕ್ಲಾರಿನೆಟ್ಟಿನ ಮೌತ್‌ಪೀಸ್, ಬಾಯಲ್ಲಿಡುವ ಕೊಕ್ಕಿನಂಥ ಆ ಕರೀ ತುಂಡು, ಕೆಳಗೆ ಬಿದ್ದು ಗಾಲಿಯಡಿ ಸಿಕ್ಕಿತು. ಈ ವಾದ್ಯ ನಮ್ಮ ಅಜ್ಜ ನಿಜಾಮನ ಪಲ್ಟಣದ ಬ್ಯಾಂಡಿನಿಂದ ತಂದದ್ದು. ಮೀರತ್ತಿನಿಂದ ತರಿಸಿದ ಹೊಸ ತುಂಡು ಇದಕ್ಕೆ ಕೂಡುವುದಿಲ್ಲ. ದಾರ ಸುತ್ತಿ ಕೂಡಿಸಿದರೆ ಆಡಿನ ಮರಿ ಅತ್ತ ಹಾಗೆ ಕೇಳುತ್ತದೆ.

ವಾದ್ಯದ ಮೇಲೆ ಕೊರೆದಿದ್ದ ಲಂಡನ್ನಿನ ವಿಳಾಸಕ್ಕೆ ನಮ್ಮ ಹೈಸ್ಕೂಲ್ ಮಾಸ್ತರರಿಂದ ಒಂದು ಕಾಗದ ಬರೆಸಿ ಹಾಕಿದೆ. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆಯಂತೆ. ಆದರೆ ಅಲ್ಲಿಯ ಪೋಸ್ಟ್‌ಮನ್ ಒಳ್ಳೆಯವನು. ಅದೇ ಬೀದಿಯಲ್ಲಿ ಹಳೇ ವಾದ್ಯ ರಿಪೇರಿ ಮಾಡುವ ಆರ್ಥರ್ ಟಿಲಿಂಗ್ ಎಂಬವರಿಗೆ ಕೊಟ್ಟಿದ್ದಾನೆ. ಅವರ ಹತ್ತಿರ ಸರಿಯಾದ ತುಂಡು ಇದೆ. ಬೆಲೆ ಹತ್ತೊಂಬತ್ತು ಪೌಂಡು. ಒಂದು ಛಾಪಿಸಿದ ಫಾರ್ಮ್ ಕಳಿಸಿದ್ದಾರೆ. ಅದರಲ್ಲಿ ಕಾರ್ಡ್ ನಂಬರ್ ಬರೆಯಲು ಚೌಕ ಮನೆಗಳಿವೆ. ಇಲ್ಲವೇ ಪೌಂಡಿನ ಡ್ರಾಫ್ಟ್ ಕಳಿಸಬೇಕಂತೆ.

ನನ್ನ ಹತ್ತಿರ ರೂಪಾಯಿ ಇದೆ. ಪೌಂಡು ಮಾಡಿಕೊಡುವುದು ಬ್ಯಾಂಕಿನ ಕೆಲಸ.

ಗಿರಾಕಿ,
ಮಹಮ್ಮದಸಾಬ, ಬ್ಯಾಂಡ್ ಮಾಸ್ಟರ್


ಲಿಂಗಸುಗೂರು
೨೪ ಅಕ್ಟೋಬರ್ ೧೯೯೦

ಮಾನ್ಯ ಗಿರಾಕಿಗಳೇ,

ತಮ್ಮ ಪತ್ರ ತಲುಪಿತು. ಬ್ಯಾಂಕಿನ ಪರವಾಗಿ ಉತ್ತರಿಸುತ್ತಿದ್ದೇನೆ.

ನಮ್ಮ ಶಾಖೆಯಲ್ಲಿ ಪೌಂಡು ಎಂಬುದನ್ನು ಯಾರೂ ಕಣ್ಣಿಂದ ನೋಡಿಲ್ಲ. ರಾಯಚೂರಿಗೆ ಫೋನ್ ಹಚ್ಚಿದೆ. ಪರದೇಶದಿಂದ ಸಾಮಾನು ತರಿಸುವವರು ಯಂತ್ರದವರೇ, ಔಷಧದವರೇ, ಪುಸ್ತಕದವರೇ ಎಂದು ಕೇಳಿದರು. ಬ್ಯಾಂಡಿನವರು ಅಂದೆ. ಮದುವೆಯ ಬ್ಯಾಂಡೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಲೈಸೆನ್ಸ್ ಬೇಕು, ಪರವಾನಗಿ ಬೇಕು, ಬೊಂಬಾಯಿಯಿಂದ ಮಂಜೂರಾಗಬೇಕು ಅಂದರು. ದೇಶದ ಖಜಾನೆಯಲ್ಲೇ ಪರದೇಶದ ಹಣ ತಳ ಕಂಡಿದೆಯಂತೆ.

ಕಾರ್ಡಿನ ವಿಷಯ. ಹೋದ ವಾರ ದೊಡ್ಡ ಕಚೇರಿಯ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರು. ಅವರ ಪಾಕೀಟಿನಲ್ಲಿ ಅಂಥ ಪ್ಲಾಸ್ಟಿಕ್ ಕಾರ್ಡ್ ಇತ್ತು. ಚಹಾ ಕುಡಿಸಿ, ತಮ್ಮ ಫಾರ್ಮ್ ಮುಂದಿಟ್ಟು, ನಂಬರ್ ಬರೆಯಿರಿ ಸಾರ್, ರೂಪಾಯಿ ನಾವು ಕೊಡುತ್ತೇವೆ ಎಂದು ಬೇಡಿಕೊಂಡೆ. ಅವರು ನಕ್ಕು ಕಾರ್ಡನ್ನು ತೋರಿಸಿದರು. ಭಾರತ ಮತ್ತು ನೇಪಾಳದಲ್ಲಿ ಮಾತ್ರ ನಡೆಯುತ್ತದೆ ಎಂದು ಅದರ ಮೇಲೆಯೇ ಬರೆದಿತ್ತು.

ವಿಷಾದಿಸುತ್ತೇವೆ.

ತಮ್ಮ ವಿಶ್ವಾಸಿ,
ಅಮರಗುಂಡಪ್ಪ


ಮಸ್ಕಿ
೨ ನವೆಂಬರ್ ೧೯೯೦

ಮಾನ್ಯರೇ,

ನಿಮ್ಮ ಕಾಗದವನ್ನು ಮನೆಯಲ್ಲಿ ಓದಿದೆ. ನನ್ನ ಹೆಂಡತಿ ಖಾತೂನ್‌ಬೀ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. "ಮತ್ತ ನೇಪಾಳದಾಗ ಕ್ಲಾರಿನೆಟ್ ಅಂಗಡಿ ಇಲ್ಲೇನು?" ಅಂದಳು. ಇದಕ್ಕೆ ಬ್ಯಾಂಕಿನ ಉತ್ತರ ಬೇಕು.

ನಗುವ ಮಾತು ಬಿಡಿ. ನಮ್ಮ ಬ್ಯಾಂಡಿನ ಹುಡುಗರು ಸಭೆ ಮಾಡಿದರು. ಸಿಂಧನೂರಿನಲ್ಲಿ ಈಗ ಎಲ್ಲರೂ ಕ್ಯಾಸಿಯೋ ಎಂಬ ಕರೆಂಟಿನ ಹಾರ್ಮೋನಿಯಂ ಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ನಮ್ಮ ಟ್ರಂಪೆಟ್‌ನ ಪೀರ್‌ಸಾಬ್ ನನ್ನ ತಮ್ಮನ ಮಗ. ನಾನೇ ಕಲಿಸಿದ ಹುಡುಗ. ಅವನೇ ಎದ್ದು ಹೇಳಿದ: "ಕಾಕಾ, ರಂಜಾನ್ ಹಬ್ಬದ ತನಕ ಕಾಯ್ತೀವಿ. ಅದರ ಮ್ಯಾಲೆ ಲಗ್ನದ ಸೀಜನ್ ಶುರು ಆಕ್ಕೈತಿ. ಅಷ್ಟರಾಗ ನಿಮ್ಮ ಕ್ಲಾರಿನೆಟ್ ಮಾತಾಡಲಿಲ್ಲಂದ್ರ ಕ್ಯಾಸಿಯೋ ತರ್ತೀವಿ. ಮುಂದ ನಿಲ್ಲಾವ್ರು ಬ್ಯಾರೆ ಆಗ್ತಾರ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಎಲ್ಲರ ಮನೆಯಲ್ಲೂ ಒಲೆ ಉರಿಯಬೇಕು. ಈಗ ನಾನು ಮೆರವಣಿಗೆಯಲ್ಲಿ ದಾರಿ ಬಿಡಿಸುವವನು. "ಸರೀರಿ, ಸರೀರಿ" ಅನ್ನುತ್ತ ಮುಂದೆ ಹೋಗುತ್ತೇನೆ. ನಲವತ್ತು ವರ್ಷ ಊದಿದ ಬಾಯಿ ಇದು.

ಬೇರೆ ದಾರಿ ಇದ್ದರೆ ತಿಳಿಸಿ. ಇಲ್ಲದಿದ್ದರೆ ಉತ್ತರ ಬೇಡ.

ಮಹಮ್ಮದಸಾಬ


ಲಿಂಗಸುಗೂರು
೧೫ ನವೆಂಬರ್ ೧೯೯೦

ಮಹಮ್ಮದಸಾಬರೇ,

ನೇಪಾಳದಲ್ಲಿ ಅಂಗಡಿ ಇದೆಯೋ ಇಲ್ಲವೋ ಬ್ಯಾಂಕಿಗೆ ತಿಳಿಯದು. ನಮ್ಮ ಮನೆಯಾಕೆ ಆದಮ್ಮ ಈ ಮಾತು ಕೇಳಿ ನಕ್ಕಳು, ನಕ್ಕ ಮೇಲೆ ನನ್ನನ್ನು ಬೈದಳು. "ಅವ್ರು ಗಿರಾಕಿ ಅಂತ ಬರದ್ರ ನೀವೂ ಬ್ಯಾಂಕ್ ಅಂತ ಬರಿಯಾದೇನ್ರಿ? ನಿಮ್ಮ ಹಲ್ಲು ಮುರದಿದ್ರ ಅವ್ರು ಸುಮ್ನ ಕುಂದರ್ತಿದ್ರೇನು?"

ನಾಲ್ಕು ಸಂಜೆ ಕೂತು ನಿಯಮದ ಪುಸ್ತಕ ತಿರುವಿದ್ದೇನೆ. ಒಂದು ಕಿಂಡಿ ಕಂಡಿದೆ. ಪರದೇಶದವರು ಪ್ರೀತಿಯಿಂದ ಉಡುಗೊರೆಯಾಗಿ ಕಳಿಸಿದ ಸಣ್ಣ ವಸ್ತುವಿಗೆ ಲೈಸೆನ್ಸ್ ಬೇಡ. ನಾವು ಹಣ ಕಳಿಸಬಾರದು, ಅವರು ಹಣ ಕೇಳಬಾರದು. ನೀವು ಒಪ್ಪಿದರೆ ಆರ್ಥರ್ ಅವರಿಗೆ ನಾನೇ ಇಂಗ್ಲಿಷಿನಲ್ಲಿ ಬರೆಯುತ್ತೇನೆ.

ನೀವು ಒಪ್ಪುವುದಿಲ್ಲವೆಂದೂ ಗೊತ್ತು. ಆದರೂ ಬರೆದಿದ್ದೇನೆ.

ಅಮರಗುಂಡಪ್ಪ


ಮಸ್ಕಿ
೨೭ ನವೆಂಬರ್ ೧೯೯೦

ಅಮರಗುಂಡಪ್ಪನವರೇ,

ಸರಿಯಾಗಿಯೇ ಊಹಿಸಿದ್ದೀರಿ. ಕಂಡಿಲ್ಲದ ಮನುಷ್ಯನ ಮುಂದೆ ಕೈಯೊಡ್ಡುವುದು ನನ್ನಿಂದಾಗದು ಎಂದು ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಖಾತೂನ್‌ಬೀ ಬಾಯಿ ತೆಗೆದಳು.

"ಬೇಡಬ್ಯಾಡ್ರಿ. ಮದ್ಲ ನೀವ ಕೊಡ್ರಿ."

"ಏನು ಕೊಡ್ಲಿ?"

"ಲಗ್ನದಾಗ ಏನ್ ಕೊಡ್ತಾರ? ಆಯಾರ ಕಟ್ಟಿ ಕಳಸ್ರಿ. ಮುಯ್ಯಿ ಮಾಡಿದ್ರ ಯಾವ ಊರಾಗರ ತಿರುಗಿ ಮುಯ್ಯಿ ಮಾಡದ ಬಿಟ್ಟಾರೇನು? ಆರ್ಥರ್‌ಸಾಬನ ತಾಯಿ ಕಲಿಸಿರ್ತಾಳ."

ಯೋಚಿಸಿ ನೋಡಿದೆ. ನಮ್ಮಲ್ಲಿ ಇವರ ಮನೆಯ ಮದುವೆಗೆ ಅವರು ಬಟ್ಟೆ ತಂದರೆ, ಅವರ ಮನೆಯ ಮದುವೆಗೆ ಇವರು ಒಂದು ಕೈ ಹೆಚ್ಚೇ ಒಯ್ಯುತ್ತಾರೆ. ಯಾರೂ ಬೇಡುವುದಿಲ್ಲ, ಯಾರೂ ಬಿಡುವುದೂ ಇಲ್ಲ. ನಿಮ್ಮ ಪುಸ್ತಕವೂ ಇದಕ್ಕೆ ಅಡ್ಡ ಬರುವುದಿಲ್ಲ.

ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗಂಟು ಕಳಿಸುತ್ತೇನೆ. ಒಂದು ದಡಿ ಧೋತರ, ಒಂದು ರುಮಾಲು, ಒಂದು ಇಳಕಲ್ ಸೀರೆ, ಕುಬಸದ ಖಣ, ಮತ್ತು ಖಾತೂನ್‌ಬೀ ಕುಟ್ಟಿದ ಶೇಂಗಾ ಚಟ್ನಿಪುಡಿ. ನೀವು ಪಾರ್ಸೆಲ್ ಮಾಡಿ, ಜೊತೆಗೆ ಎರಡು ಮಾತು ಇಂಗ್ಲಿಷಿನಲ್ಲಿ ಬರೆಯಿರಿ.

ನಿಮ್ಮ ಮನೆಯವರಿಗೆ ನನ್ನ ಸಲಾಂ ಹೇಳಿ. ಅವರ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ.

ಮಹಮ್ಮದಸಾಬ


ಲಿಂಗಸುಗೂರು
೧೪ ಡಿಸೆಂಬರ್ ೧೯೯೦

ಮಹಮ್ಮದಸಾಬರೇ,

ಗಂಟು ಹೋಯಿತು. ಅಂಚೆ ಕಚೇರಿಯಲ್ಲಿ ಹಬ್ಬವೇ ಆಯಿತು. ಇಂಗ್ಲೆಂಡಿಗೆ ಪಾರ್ಸೆಲ್ ಅಂದಕೂಡಲೇ ಕ್ಯೂದಲ್ಲಿದ್ದವರೆಲ್ಲ ಸುತ್ತ ನೆರೆದರು. ಒಬ್ಬ ಮುದುಕ ರುಮಾಲು ಬಿಚ್ಚಿಸಿ ನೋಡಿ, "ಇದು ಬಿಳೀ ಮಂದೀ ತಲೀಗೆ ಸಾಲತೈತೇನು?" ಎಂದು ಚಿಂತೆ ಮಾಡಿದ.

ಆಯಾರವನ್ನು ಹಾಗೆಯೇ ಕಳಿಸಬಾರದೆಂದು ಆದಮ್ಮ ಧೋತರದ ಅಂಚಿಗೆ ಅರಿಶಿನ ಹಚ್ಚಿ, ಸೀರೆಯ ಮಡಿಕೆಯಲ್ಲಿ ಕುಂಕುಮದ ಪೊಟ್ಟಣ, ಒಂದು ಹಿಡಿ ಅಕ್ಷತೆ ಇಟ್ಟಿದ್ದಾಳೆ.

ಕಾಗದ ಬರೆಯಲು ಮಾತ್ರ ಬೆವರಿದೆ. ಮುಯ್ಯಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಸಾಲ ಅಂದರೆ ಅಲ್ಲ, ದಾನ ಅಂದರೆ ಅಲ್ಲ, ವ್ಯಾಪಾರ ಅಂದರೆ ನಿಯಮದ ಪುಸ್ತಕ ಎದ್ದು ನಿಲ್ಲುತ್ತದೆ. ಕೊನೆಗೆ, 'ಮದುವೆಗಳಲ್ಲಿ ನಾವು ಸ್ನೇಹಿತರಿಗೆ ಕೊಡುವುದು ಇದು, ದಯವಿಟ್ಟು ಸ್ವೀಕರಿಸಿ, ನಿಮ್ಮ ಮನಸ್ಸಿಗೆ ಬಂದದ್ದನ್ನು ನೀವೂ ಮಾಡಿ' ಎಂದು ಬರೆದು, ಮೌತ್‌ಪೀಸಿನ ಅಳತೆಯನ್ನು ಕೆಳಗೆ ಕಾಣಿಸಿದೆ.

ಇನ್ನು ಕಾಯುವುದು.

ನಿಮ್ಮ
ಅಮರಗುಂಡಪ್ಪ


ಮಸ್ಕಿ
೨೦ ಫೆಬ್ರವರಿ ೧೯೯೧

ಅಮರಗುಂಡಪ್ಪಾ,

ಏನೂ ಬಂದಿಲ್ಲ. ಕೊಲ್ಲಿಯಲ್ಲಿ ಯುದ್ಧ ನಡೆದಿದೆ, ಟಪಾಲು ತಡವಾಗುತ್ತದೆ ಎಂದು ಪೋಸ್ಟ್‌ಮನ್ ಹೇಳುತ್ತಾನೆ. ಪಾಪ, ನನ್ನನ್ನು ಕಂಡರೆ ಈಗ ಬೇರೆ ಓಣಿ ಹಿಡಿದು ಹೋಗುತ್ತಾನೆ.

ಪೀರ್‌ಸಾಬ್ ಸಿಂಧನೂರಿಗೆ ಹೋಗಿ ಕ್ಯಾಸಿಯೋಕ್ಕೆ ಮುಂಗಡ ಕೊಟ್ಟು ಬಂದಾನಂತೆ. ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.

ದಿನಾ ಬೆಳಿಗ್ಗೆ ವಾದ್ಯ ತೆಗೆದು, ಒರೆಸಿ, ತೂತುಗಳ ಮೇಲೆ ಬೆರಳು ಆಡಿಸುತ್ತೇನೆ. ಬೆರಳಿಗೆ ಎಲ್ಲ ನೆನಪಿದೆ.

ಮಹಮ್ಮದ


ಮಸ್ಕಿ
೨೬ ಮಾರ್ಚ್ ೧೯೯೧

ಲೇ ಅಮರ್‌ಗುಂಡ,

ಬಂತು! ಬಂತು!

ನಿನ್ನೆ ಮಧ್ಯಾಹ್ನ ಪೋಸ್ಟ್‌ಮನ್ ಓಣಿಯ ಆ ತುದಿಯಿಂದಲೇ ಕೂಗುತ್ತ ಬಂದ. ಹತ್ತಿಯಲ್ಲಿ ಸುತ್ತಿ, ಸಣ್ಣ ತಗಡಿನ ಡಬ್ಬಿಯಲ್ಲಿಟ್ಟು ಕಳಿಸಿದ್ದಾರೆ. ಕರೀ ಜಾಲಿಯ ತಿರುಳಿನಂತೆ ಹೊಳೆಯುತ್ತದೆ. ವಾದ್ಯಕ್ಕೆ ಹಚ್ಚಿದರೆ ದಾರ ಬೇಕಿಲ್ಲ, ಮೇಣ ಬೇಕಿಲ್ಲ, ಟಕ್ ಎಂದು ಕೂತಿತು.

ಆದರೆ ರೋಜಾ ಉಪವಾಸದ ದಿನ. ಬಾಯಿಗೆ ಇಡುವಂತಿಲ್ಲ. ಬಿಸಿಲು ಇಳಿಯುವವರೆಗೆ ಕಟ್ಟೆಯ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಓಣಿಯವರೆಲ್ಲ ನನ್ನೊಂದಿಗೆ ಕೂತರು. ಅಷ್ಟು ಜನ ಸೂರ್ಯನ ಕಡೆಗೆ ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ. ಬಾಂಗು ಕೇಳಿತು. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡೆ, ನೀರು ಕುಡಿದೆ, ನಮಾಜು ಮುಗಿಸಿ ಬಂದು ಊದಿದೆ.

ಅಮರ್‌ಗುಂಡ, ಅಜ್ಜನ ದನಿ ಬಂತು.

ಪೀರ್‌ಸಾಬ್ ಬಾಗಿಲಲ್ಲಿ ನಿಂತಿದ್ದ. ಕಣ್ಣು ಒರೆಸಿಕೊಂಡು, "ಕಾಕಾ, ಇನ್ನೊಮ್ಮೆ," ಅಂದ.

ಡಬ್ಬಿಯ ಜೊತೆ ಆರ್ಥರ್‌ಸಾಬರ ಕಾಗದವಿದೆ. ಮಾಸ್ತರರು ರಜೆಯ ಮೇಲೆ ಹೋಗಿದ್ದಾರೆ. ಇದರೊಳಗೆ ಇಟ್ಟಿದ್ದೇನೆ, ನೀನೇ ಓದಿ, ಏನು ಬರೆದಿದ್ದಾರೆ ತಿಳಿಸು.

ನಿನ್ನ
ಮಹಮ್ಮದ


ಲಿಂಗಸುಗೂರು
೨೯ ಮಾರ್ಚ್ ೧೯೯೧

ಮಹಮ್ಮದ್ಯಾ,

ಸಂತೋಷಕ್ಕೆ ಆದಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಈಗ ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತುಕೊಂಡು ಮುಂದಿನದನ್ನು ಓದು. ಆರ್ಥರ್ ಅವರ ಕಾಗದದ ಕನ್ನಡ ಇದು:

'ಪ್ರಿಯ ಸ್ನೇಹಿತರೇ, ನಿಮ್ಮ ಪಾರ್ಸೆಲ್ ನಮ್ಮ ಬೀದಿಯಲ್ಲೇ ದೊಡ್ಡ ಸುದ್ದಿಯಾಯಿತು. ಮೊದಲು ನನಗೆ ಏನೂ ಅರ್ಥವಾಗಲಿಲ್ಲ. ಮೂಲೆಯ ಕಿರಾಣಿ ಅಂಗಡಿಯ ಗುಜರಾತಿ ಯಜಮಾನರಿಗೆ ಬಟ್ಟೆಗಳನ್ನು ತೋರಿಸಿದೆ. ಅವರು ಅರಿಶಿನ, ಅಕ್ಕಿ ನೋಡಿ, ಇವರ ಮನೆಯಲ್ಲಿ ಮದುವೆ ಇದೆ, ನಿಮ್ಮನ್ನು ಕರೆದಿದ್ದಾರೆ ಅಂದರು. ನನಗೆ ಅರವತ್ತೆರಡು ವರ್ಷ. ಮದುವೆಯಾಗಿಲ್ಲ. ಇಷ್ಟು ದೂರದಿಂದ ನನ್ನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಬರಲಾರೆ, ಕ್ಷಮಿಸಿ. ಮದುಮಗಳಿಗೆ ನನ್ನ ಉಡುಗೊರೆಯಾಗಿ ಈ ಮೌತ್‌ಪೀಸ್. ಅವಳ ಮೆರವಣಿಗೆಯಲ್ಲಿ ಇದು ನುಡಿಯಲಿ. ಅವಳ ಹೆಸರು ತಿಳಿಸಿ. ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಹಾಕಿಕೊಂಡು ತಿಂದೆ. ಎರಡು ಲೋಟ ನೀರು ಕುಡಿದು ಮತ್ತೆ ತಿಂದೆ.'

ಒಳ್ಳೆಯ ಮನುಷ್ಯ. ಹೇಗೂ ಕೆಲಸವಾಯಿತಲ್ಲ, ನಗುತ್ತ ಊದು.

ನಿನ್ನ
ಅಮರ್‌ಗುಂಡ


ಮಸ್ಕಿ
೨ ಏಪ್ರಿಲ್ ೧೯೯೧

ಅಮರ್‌ಗುಂಡ,

ನಗುವುದು ಹೇಗೆ? ನಿನ್ನ ಕಾಗದ ಓದಿದವನೇ ಮೌತ್‌ಪೀಸ್ ತೆಗೆದು ಡಬ್ಬಿಯಲ್ಲಿಟ್ಟೆ.

ಮದುವೆಯ ಮುಯ್ಯಿ ಇದು. ಮದುವೆ ಎಲ್ಲಿದೆ? ನನಗೆ ಇಬ್ಬರೂ ಗಂಡುಮಕ್ಕಳು, ಇಬ್ಬರಿಗೂ ಆಗಿಹೋಗಿದೆ. ಹುಡುಗಿಯ ಹೆಸರು ಕೇಳಿದ್ದಾರೆ. ಯಾರ ಹೆಸರು ಬರೆಯಲಿ? ಇಲ್ಲದ ಮದುವೆಯ ಮುಯ್ಯಿ ಇಟ್ಟುಕೊಳ್ಳುವುದು ಹರಾಮ್. ಅದೂ ರಂಜಾನ್ ತಿಂಗಳಲ್ಲಿ.

ಬ್ಯಾಂಡಿನವರಿಗೆ ಹೇಳಿದೆ. ಪೀರ್‌ಸಾಬ್ ತಲೆ ಚಚ್ಚಿಕೊಂಡ. "ಕಾಕಾ, ಲಂಡನ್ನಿನಾಗ ಕುಂತಾವ ಇಲ್ಲಿ ಬಂದು ಹಂದರ ನೋಡ್ತಾನೇನು?" "ಅವ ನೋಡಂಗಿಲ್ಲ, ನಾ ನೋಡ್ತೀನಲ್ಲ," ಅಂದೆ. ಖಾತೂನ್‌ಬೀ ಮಾತ್ರ, "ನಿಮ್ಮ ದೋಸ್ತನ ಇಂಗ್ಲಿಷಿನಿಂದ ಆದ ಪಜೀತಿ. ಲಗ್ನಾನೂ ಅವರ ಹುಡುಕಿ ಕೊಡಲಿ," ಅಂದಳು.

ಹಬ್ಬಕ್ಕೆ ಹದಿನೈದು ದಿನ ಉಳಿದಿದೆ. ವಾದ್ಯ ಕೈಯಲ್ಲಿದೆ, ಊದುವ ಹಾಗಿಲ್ಲ. ಹಿಂದಿನದಕ್ಕಿಂತ ಇದು ಕಷ್ಟ.

ಮಹಮ್ಮದ


ಲಿಂಗಸುಗೂರು
೫ ಏಪ್ರಿಲ್ ೧೯೯೧

ಮಹಮ್ಮದ ಅಣ್ಣಾವ್ರಿಗೆ ತಂಗಿ ಆದಮ್ಮನ ಶರಣು.

ಇವ್ರು ಮೂರು ದಿನದಿಂದ ಪೆನ್ನು ಹಿಡಕೊಂಡು ಕುಂತಾರ. ಬರಿಯವಲ್ರು. ಅದಕ್ಕ ನಾನ ಬರಿಯಾಕತ್ತೀನಿ, ತಪ್ಪಿದ್ರ ನಗಬ್ಯಾಡ್ರಿ.

ನಮ್ಮ ಸಣ್ಣಾಕಿ ಗಾಳೆಮ್ಮಗ ಜವಳಗೇರಿ ಗಂಡು ಗೊತ್ತಾಗೈತಿ. ಬಸವ ಜಯಂತಿ ದಿವಸ, ಲಿಂಗಸುಗೂರಾಗ ಲಗ್ನ. ಗಂಡು ಗೊತ್ತಾಗಿ ತಿಂಗಳಾತು. ನಿಮ್ಮನ್ನ ಕರಿಬೇಕಂತ ಇವ್ರು ಎರಡು ಸಲ ಮಸ್ಕಿಗೆ ಬಂದು, ಬಸ್ ಸ್ಟ್ಯಾಂಡಿನಾಗ ಚಾ ಕುಡದು, ತಿರುಗಿ ಬಂದಾರ. ಯಾಕಂತ ನೀವ ಕೇಳ್ರಿ ಅವ್ರನ್ನ.

ದೊಡ್ಡಾಕಿ ಲಗ್ನದಾಗ ಏನಾತು ಅನ್ನಾದು ನಾ ಹೇಳಂಗಿಲ್ಲ. ಆವತ್ತು ಸಿಂಧನೂರು ಬ್ಯಾಂಡು ಬಾಗಿಲಾಗ ಬಾರಿಸಾಕತ್ತಿದಾಗ ಇವ್ರು ಹಿತ್ತಲದಾಗ ಕುಂತಿದ್ರು. ಬೀಗರ ಪಂಕ್ತಿಯಾಗ ಉಣ್ಣಲಿಲ್ಲ. ಅಷ್ಟ ನಾ ಕಂಡದ್ದು.

ಈ ಸಲ ಬೀಗರ ಮುಂದ ನಾನ ಮಾತಾಡೀನಿ. "ಬ್ಯಾಂಡು ನಮ್ಮದು, ಮಸ್ಕೀದು" ಅಂತ ಮೊದಲ ದಿವಸನ ಹೇಳೀನಿ. ಅವ್ರು ಹೂಂ ಅಂದಾರ.

ಆರ್ಥರ್ ಅಣ್ಣಗ ಬರೀರಿ, ಹುಡುಗಿ ಹೆಸರು ಗಾಳೆಮ್ಮ ಅಂತ. ನಿಮ್ಮ ಮಗಳು ಅಂತ ಬರದ್ರೂ ಸುಳ್ಳಾಗಂಗಿಲ್ಲ. ಸಣ್ಣಾಕಿದ್ದಾಗ ನಿಮ್ಮ ಹೆಗಲ ಮ್ಯಾಲ ಕುಂತು ಎಷ್ಟು ಲಗ್ನ ನೋಡ್ಯಾಳ. ಖಾತೂನ್ ಅಕ್ಕನ್ನ ಎಂಟು ದಿನ ಮೊದಲ ಕಳಸ್ರಿ. ಶ್ಯಾವಿಗಿ, ಹಪ್ಪಳ ಎಲ್ಲಾ ಬಾಕಿ ಐತಿ.

ನಿಮ್ಮ ತಂಗಿ,
ಆದಮ್ಮ


ಮಸ್ಕಿ
೯ ಏಪ್ರಿಲ್ ೧೯೯೧

ಆದಮ್ಮ ತಂಗೀ,

ಡಬ್ಬಿ ತೆಗೆದಿದ್ದೇನೆ. ಹಗಲೆಲ್ಲ ರೋಜಾ, ಸಂಜೆಯೆಲ್ಲ ತಾಲೀಮು. ಖಾತೂನ್‌ಬೀ ಟ್ರಂಕು ಕಟ್ಟಿಟ್ಟಿದ್ದಾಳೆ; ಮದುವೆಗೆ ಇನ್ನೂ ತಿಂಗಳಿದೆ ಎಂದರೆ ಕೇಳುವುದಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಹೋಗುವವನಿಗೆ ಹೇಳು, ಮೂರನೇ ಸಲ ಬಂದರೆ ಮನೆಯ ಚಹಾ ಕುಡಿಯಲೇಬೇಕು. ಆ ಹಳೆಯ ಮಾತನ್ನು ನಾನು ಕೇಳುವುದಿಲ್ಲ. ಅವನೂ ಹೇಳುವುದು ಬೇಡ. ಹಿತ್ತಲಿನಲ್ಲಿ ಕೂತಿದ್ದನೆಂದು ಗೊತ್ತಾಯಿತಲ್ಲ, ಸಾಕು.

ನಿನ್ನ ಅಣ್ಣ,
ಮಹಮ್ಮದಸಾಬ


ಮಸ್ಕಿ
೨೦ ಮೇ ೧೯೯೧

ಅಮರ್‌ಗುಂಡ,

ಮದುವೆಯ ಸುಸ್ತು ಇಳಿಯಿತೇ? ಆರ್ಥರ್‌ಸಾಬರಿಗೆ ಕಾಗದ ಬರೆದಿದ್ದೇನೆ. ಇದನ್ನು ಇಂಗ್ಲಿಷಿಗೆ ಮಾಡು. ನಿನ್ನದನ್ನೇನೂ ಸೇರಿಸಬೇಡ, ಒಮ್ಮೆ ಸೇರಿಸಿದ್ದಕ್ಕೆ ಏನಾಯಿತೆಂದು ನೋಡಿದ್ದೀಯ.

'ಆರ್ಥರ್‌ಸಾಬರಿಗೆ ಮಸ್ಕಿಯ ಮಹಮ್ಮದಸಾಬನ ಸಲಾಂ.

ನೀವು ಕಾಗದ ಬರೆದಾಗ ನಮ್ಮಲ್ಲಿ ಮದುವೆ ಗೊತ್ತಾಗಿತ್ತು, ಆದರೆ ನನಗೆ ಗೊತ್ತಿರಲಿಲ್ಲ. ಆ ಕಥೆ ದೊಡ್ಡದು. ಮದುಮಗಳ ಹೆಸರು ಗಾಳೆಮ್ಮ. ಹೋದ ಗುರುವಾರ ಮದುವೆ ಆಯಿತು.

ಮೆರವಣಿಗೆ ಬಿಸಿಲು ಇಳಿದ ಮೇಲೆ ಹೊರಟಿತು. ನಮ್ಮ ಹುಡುಗರು ಕ್ಯಾಸಿಯೋ ಕೊಂಡಿದ್ದಾರೆ. ಮುಂಗಡ ಕೊಟ್ಟಾಗಿತ್ತು, ಬಿಡಲಾಗಲಿಲ್ಲ. ಅದು ಟ್ರ್ಯಾಕ್ಟರ್ ಮೇಲೆ ಬರುತ್ತದೆ. ನಾನು ನೆಲದ ಮೇಲೆ, ಎಲ್ಲರಿಗಿಂತ ಮುಂದೆ. ಬಜಾರದ ತಿರುವಿನಲ್ಲಿ ನಿಮ್ಮ ಕೊಕ್ಕು ಬಾಯಲ್ಲಿಟ್ಟು ಒಂದು ಉದ್ದನೆಯ ದನಿ ತೆಗೆದೆ. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. ಗಂಡಿನ ಕಡೆಯ ಮುದುಕರು ಕುಣಿದರು. ಆಗ ಹಿಂದಿನಿಂದ ಡ್ರಮ್ಮಿನ ಪೆಟ್ಟು ಬದಲಾಯಿತು. ಎಂಥ ನಿದ್ದೆಯಲ್ಲೂ ಗುರುತಿಸುವ ಪೆಟ್ಟು ಅದು. ತಿರುಗಿ ನೋಡಿದರೆ ಹುಡುಗಿಯ ಅಪ್ಪ, ಈ ಕಾಗದವನ್ನು ಇಂಗ್ಲಿಷಿನಲ್ಲಿ ಬರೆಯುತ್ತಿರುವವನು, ಜರಿ ರುಮಾಲಿನಲ್ಲೇ ಡ್ರಮ್ ಕೊರಳಿಗೆ ಹಾಕಿಕೊಂಡಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಏ, ಬೀಗರ ಕಾಲಿಗೆ ನೀರು ಕೊಡಾವ್ರು ಯಾರ್ರೀ?" ಎಂದು ಕೂಗುತ್ತಿದ್ದಳು. ಅವನು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ನಾನೂ ಕೇಳಿಸದವನ ಹಾಗೆ ಊದಿದೆ.

ಅಕ್ಷತೆ ಬಿದ್ದ ಮೇಲೆ ನಮ್ಮಲ್ಲಿ ಯಾರು ಏನು ಮುಯ್ಯಿ ಮಾಡಿದರೆಂದು ಮೈಕಿನಲ್ಲಿ ಕೂಗುತ್ತಾರೆ. ಪಾತ್ರೆ, ಸೀರೆ, ರೂಪಾಯಿ ಎಲ್ಲ ಆಯಿತು. ಆಮೇಲೆ ಕೂಗಿದರು: "ಇಂಗ್ಲೆಂಡಿನ ಆರ್ಥರ್ ಟಿಲಿಂಗ್ ಅವರಿಂದ ಮದುಮಗಳು ಗಾಳೆಮ್ಮಗ, ಊದೋ ಸಾಮಾನು ಒಂದು!" ಹಂದರದ ಮಂದಿಯೆಲ್ಲ ಮೈಕಿನ ಕಡೆ ತಿರುಗಿದರು. ಜವಳಗೇರಿಯ ಒಬ್ಬ ಮುದುಕಿ ಪಕ್ಕದವಳನ್ನು ಕೇಳಿದಳು: "ಇಂಗ್ಲೆಂಡು ಎಲ್ಲೈತಬೇ? ಮಾನ್ವಿ ಕಡೀಗೇನು?" "ಇಲ್ಲ ಬೇ, ಅದಕ್ಕಿಂತ ಆಚೀಗೆ." "ಅಷ್ಟು ದೂರದಿಂದ ಮುಯ್ಯಿ ಬಂತಾ! ಉಂಡು ಹೋಗ್ಯಾನೋ ಇಲ್ಲೋ, ಕೇಳ್ರಿ."

ನೀವು ಉಣ್ಣಲಿಲ್ಲ. ಅದೊಂದು ಕೊರತೆ.

ಪೌಂಡು ಕಳಿಸುವ ದಾರಿ ತೆರೆದಿದೆಯೇ ಎಂದು ಈಗ ನಾನು ಬ್ಯಾಂಕಿನಲ್ಲಿ ಕೇಳುವುದಿಲ್ಲ. ತೆರೆಯುವುದೂ ಬೇಡ. ತೆರೆದರೆ ಹಣ ಕಳಿಸಿ, ರಸೀದಿ ಇಟ್ಟುಕೊಂಡು, ಒಬ್ಬರನ್ನೊಬ್ಬರು ಮರೆತುಬಿಡುತ್ತೇವೆ.

ಈಗ ಬಾಕಿ ನಮ್ಮ ಕಡೆಗಿದೆ. ನಿಮ್ಮ ಓಣಿಯಲ್ಲಿ ಯಾರದಾದರೂ ಮದುವೆ ಗೊತ್ತಾದರೆ ತಿಳಿಸಿ. ನಿಮ್ಮದೇ ಆದರೆ ಬ್ಯಾಂಡು ಸಮೇತ ಬರುವ ದಾರಿ ಹುಡುಕುತ್ತೇವೆ. ಅರವತ್ತೆರಡು ಏನೂ ದೊಡ್ಡ ವಯಸ್ಸಲ್ಲ ಎಂದು ನನ್ನ ಹೆಂಡತಿ ಹೇಳಿ ಕಳಿಸಿದ್ದಾಳೆ.

ನಿಮ್ಮ ಬೀಗ,
ಮಹಮ್ಮದಸಾಬ, ಕ್ಲಾರಿನೆಟ್'